ಹಾಸಿಗೆಯ ಕೆಳಗಿನ ನೆಲ

ಊರಿಗೆ ಹೋದಾಗ ಯಾರಾದರೂ "ಸ್ವೀಡನ್ನಿನಲ್ಲಿ ಎಂತ ಕೆಲಸ ಮಾಡ್ತಿದ್ರಿ?" ಎಂದು ಕೇಳಿದರೆ "ನೆಲ ಬಿಸಿ ಮಾಡ್ತಿದ್ದೆ" ಎನ್ನುತ್ತೇನೆ. ಕಾರ್ಕಳದ ಏಪ್ರಿಲ್ ಸೆಕೆಯಲ್ಲಿ ಅಂಗಿಯ ಗುಂಡಿ ಬಿಚ್ಚಿ ಕೂತವರು ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ನಾನಿರುವ ಶೋವ್ಡೆ ಎಂಬ ಸ್ವೀಡನ್ನಿನ ಊರಿನಲ್ಲಿ ಜನವರಿ ತಿಂಗಳಲ್ಲಿ ಬರಿಗಾಲಿನಲ್ಲಿ ನೆಲಕ್ಕೆ ಕಾಲಿಟ್ಟವರು ನಗುವುದಿಲ್ಲ. ಈಚೆಗೆ ನಮ್ಮ ಕಡೆಯ ಇಬ್ಬರು ಮೂವರು ಇಲ್ಲಿ ಇದೇ ಕೆಲಸಕ್ಕೆ ಸೇರಿದ್ದಾರೆ. ಭಾನುವಾರ ಮನೆಗೆ ಬಂದು "ವಾಲ್ಟರ್ ಅಂಕಲ್, ಏನಾದ್ರೂ ಟಿಪ್ಸ್ ಕೊಡಿ" ಎನ್ನುತ್ತಾರೆ. ಕೊಳವೆ ಎಷ್ಟು ದೂರಕ್ಕೊಂದು ಹಾಕಬೇಕು, ನೀರು ಎಷ್ಟು ಬಿಸಿ ಇರಬೇಕು ಎಂಬುದನ್ನೆಲ್ಲ ಈಗ ಕಂಪ್ಯೂಟರೇ ಹೇಳುತ್ತದೆ. ಅದು ಹೇಳದೆ ಇರುವ ಒಂದು ವಿಷಯ ನನ್ನಲ್ಲಿದೆ. ಅದು ನನ್ನ ಜಾಣತನದ ಕಥೆಯಲ್ಲ, ನನ್ನ ತಪ್ಪಿನದು. ಬಾಯಲ್ಲಿ ಹೇಳಲು ಹೋದರೆ ಅರ್ಧಕ್ಕೇ ಬೇರೆ ಮಾತಿಗೆ ಹೊರಳುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನಿದ್ದದ್ದು ಏಳು ಜನರ ಸಣ್ಣ ಕಂಪನಿ. ಮನೆಗಳಿಗೆ ಬಿಸಿನೀರಿನ ಕೊಳವೆ, ರೇಡಿಯೇಟರ್, ನೆಲದ ಬಿಸಿ ಇವನ್ನು ಲೆಕ್ಕ ಹಾಕಿ ಕೂರಿಸುವುದು ನಮ್ಮ ಕೆಲಸ. ಬೆಂಗ್ಟ್ ಎಂಬಾತ ಯಜಮಾನ. ಆರಡಿ ಎತ್ತರ, ದಿನಕ್ಕೆ ಇಪ್ಪತ್ತು ಮಾತು. ಚಳಿಗಾಲದಲ್ಲೂ ಕಾಲಿಗೆ ಮರದ ಪಾದರಕ್ಷೆ ಮೆಟ್ಟಿಕೊಂಡು ಓಡಾಡುತ್ತಿದ್ದ. ಈ ದೇಶದಲ್ಲಿ ಯಜಮಾನನನ್ನೂ ಹೆಸರು ಹಿಡಿದೇ ಕರೆಯಬೇಕು. ಮೊದಲ ಆರು ತಿಂಗಳು ನನ್ನ ನಾಲಿಗೆ ಅದಕ್ಕೆ ಒಗ್ಗಲೇ ಇಲ್ಲ, "ಬೆಂಗ್ಟ್" ಎಂದ ಕೂಡಲೇ ಬಾಯಿ ತಾನಾಗಿ "ಸರ್" ಸೇರಿಸಿಬಿಡುತ್ತಿತ್ತು.

ಸೇರಿದ ವರ್ಷವೇ ಒಂದು ಅನಾಹುತ ಮಾಡಿದೆ. ಒಬ್ಬ ನಿವೃತ್ತ ಶಿಕ್ಷಕಿಯ ಬಚ್ಚಲಮನೆಯಲ್ಲಿ ಕಮೋಡನ್ನು ನೆಲಕ್ಕೆ ಕೂರಿಸುವಾಗ ಡ್ರಿಲ್ ಕೆಳಗಿದ್ದ ಬಿಸಿನೀರಿನ ಕೊಳವೆಗೇ ಇಳಿಯಿತು. ನಕ್ಷೆ ನೋಡದೆ ಅಂದಾಜಿನಲ್ಲಿ ತೂತು ಕೊರೆದಿದ್ದೆ. ನೀರು ಚಿಮ್ಮಿ ಮೊಣಕಾಲಿನವರೆಗೆ ನೆನೆದು ಬೆಂಗ್ಟ್‌ಗೆ ಫೋನ್ ಮಾಡಿದೆ. ಅವನು ಬಂದ, ನೀರು ನಿಲ್ಲಿಸಿದ, ಏನೂ ಬಯ್ಯಲಿಲ್ಲ. ಆ ಟೀಚರಮ್ಮ "ಏನಾಯಿತು?" ಎಂದು ಕೇಳಿದಾಗ ಅವನೇ ಉತ್ತರಿಸುತ್ತಾನೆ ಎಂದುಕೊಂಡು ನಾನು ಹಿಂದೆ ಸರಿದೆ. ಬೆಂಗ್ಟ್ ನನ್ನ ಕಡೆಗೇ ನೋಡುತ್ತ ನಿಂತ. ಕೊನೆಗೆ ನಾನೇ, ಒದ್ದೆ ಕಾಲುಚೀಲದಲ್ಲಿ, ನನ್ನ ಹರಕುಮುರುಕು ಸ್ವೀಡಿಷ್‌ನಲ್ಲಿ, "ನಾನು ನಕ್ಷೆ ನೋಡಲಿಲ್ಲ, ತಪ್ಪು ನನ್ನದು" ಎಂದೆ. ವಾಪಸು ಬರುವಾಗ ವ್ಯಾನಿನಲ್ಲಿ ಅವನು ಹೇಳಿದ್ದು ಇಷ್ಟೇ: "ತೂತು ಕೊರೆದವನೇ ಹೇಳಬೇಕು. ನನ್ನ ಕಂಪನಿಯಲ್ಲಿ ಅದೊಂದೇ ಕಾನೂನು."

ಆಮೇಲೆ ಅವನು ನನಗೆ ಒಂದು ಹಾಳೆ ಕೊಟ್ಟ. ಹೊಸ ಕೋಣೆಗೆ ನೆಲದ ಬಿಸಿ ಹಾಕುವ ಮೊದಲು ಮನೆಯವರನ್ನು ಕೇಳಬೇಕಾದ ಪ್ರಶ್ನೆಗಳು ಅದರಲ್ಲಿದ್ದವು. ಗೋಡೆಯ ದಪ್ಪ ಎಷ್ಟು, ಕಿಟಕಿ ಎಷ್ಟು, ನೆಲಕ್ಕೆ ಮರವೋ ಟೈಲ್ಸೋ, ನೆಲದ ಮೇಲೆ ಏನೇನು ಇಡುತ್ತೀರಿ, ಹೀಗೆ. ಉತ್ತರದ ಮುಂದೆ ಒಂದು ಚೌಕ, ಅದರಲ್ಲಿ ಗುರುತು ಹಾಕಬೇಕು. "ಕೇಳು, ಆಮೇಲೆ ಗುರುತು ಹಾಕು," ಎಂದಿದ್ದ. ಏಳೆಂಟು ವರ್ಷ ಹಾಗೇ ಮಾಡಿದೆ. ಆಮೇಲೆ ಕೈ ಪಳಗಿತು. ಕೈ ಪಳಗಿದವನ ಕಿವಿ ಮಂದವಾಗುತ್ತದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಎರಡು ಸಾವಿರದ ದಶಕದ ನಡುವಿನ ವರ್ಷಗಳು. ಪ್ರಶಾಂತ್ ಎಂಬ ಮೈಸೂರಿನ ಹುಡುಗ ಇಲ್ಲಿನ ಇಂಜಿನ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ. ಹೆಂಡತಿ ಶ್ರುತಿ. ಊರ ಹೊರಗೆ ಹಳೆಯದೊಂದು ಮರದ ಮನೆ ಕೊಂಡು, ಅದಕ್ಕೆ ಹಿಂಬದಿಯಲ್ಲಿ ಒಂದು ಕೋಣೆ ಸೇರಿಸಿ ಕಟ್ಟಿಸುತ್ತಿದ್ದರು. ಶ್ರುತಿ ಬಸುರಿ, ಜನವರಿಗೆ ಹೆರಿಗೆ. ಬಾಣಂತನಕ್ಕೆ ಅವಳ ತಾಯಿ ಸರೋಜಮ್ಮ ಮೈಸೂರಿನಿಂದ ಬರುವವರಿದ್ದರು. ಆ ಹೊಸ ಕೋಣೆಯೇ ಬಾಣಂತಿ ಕೋಣೆ. ಕೊಮ್ಯೂನ್, ಅಂದರೆ ಇಲ್ಲಿನ ಪುರಸಭೆಯಿಂದ ಕಟ್ಟುವ ಪರವಾನಗಿ ಸಿಗುವುದೇ ತಡವಾಗಿ, ಗೋಡೆ ಎದ್ದಾಗ ನವೆಂಬರ್ ಮುಗಿಯುತ್ತ ಬಂದಿತ್ತು.

ನೆಲ ಬಿಸಿ ಮಾಡಲು ಎರಡು ದಾರಿ. ಒಂದು, ಹಲಗೆಯ ಕೆಳಗೆ ಪ್ಲಾಸ್ಟಿಕ್ ಕೊಳವೆ ಸುತ್ತಿ ಬೆಚ್ಚಗಿನ ನೀರು ಹರಿಸುವುದು. ಇನ್ನೊಂದು, ಕಾಗದದಂಥ ತೆಳು ಹಾಳೆಯಲ್ಲಿ ವಿದ್ಯುತ್ ಹರಿಸುವುದು. ನೀರಿನದು ನಿಧಾನ, ಹಳೆಯ ಮನೆಯ ಬಾಯ್ಲರ್‌ಗೆ ಜೋಡಿಸಬೇಕು, ಅದಕ್ಕೆ ಪಡಸಾಲೆಯ ನೆಲ ಕೀಳಬೇಕು, ಮೂರು ವಾರದ ಕೆಲಸ. ವಿದ್ಯುತ್ ಹಾಳೆ ಎರಡು ದಿನದ್ದು. ಬೆಂಗ್ಟ್ ನಕ್ಷೆ ನೋಡಿ "ನೀರು" ಎಂದ. ಕಾರಣ ಹೇಳುವ ಅಭ್ಯಾಸ ಅವನಿಗಿರಲಿಲ್ಲ.

ಪ್ರಶಾಂತ್ ನನ್ನನ್ನು ಬದಿಗೆ ಕರೆದ. "ವಾಲ್ಟರ್ ಸರ್, ಮೂರು ವಾರ ಅಂದ್ರೆ ಕ್ರಿಸ್‌ಮಸ್ ರಜೆ ಬೇರೆ ಬರತ್ತೆ. ಅತ್ತೆ ಟಿಕೆಟ್ ಬುಕ್ ಆಗಿದೆ. ಪಾಪು ಬಂದಾಗ ಮನೆಯೆಲ್ಲ ಧೂಳು, ನೆಲ ಎಲ್ಲ ಓಪನ್. ನೀವು ನಮ್ಮೋರು, ಸ್ವಲ್ಪ ಅವರಿಗೆ ಹೇಳಿ."

ನಮ್ಮೋರು ಎಂಬ ಆ ಒಂದು ಮಾತಿಗೆ ನಾನು ಉಬ್ಬಿಹೋದೆ. ಬೆಂಗ್ಟ್ ಜೊತೆ ಅರ್ಧ ಗಂಟೆ ವಾದ ಮಾಡಿದೆ. ಚೆನ್ನಾಗಿ ಲೆಕ್ಕ ಹಾಕಿದರೆ ವಿದ್ಯುತ್ ಹಾಳೆಯೂ ಸುರಕ್ಷಿತ ಎಂದೆ. ಅದು ಸುಳ್ಳೂ ಅಲ್ಲ. ಕೊನೆಗೆ ಅವನು ಭುಜ ಕುಣಿಸಿ, "ನಿನ್ನ ಜನ, ನಿನಗೆ ಗೊತ್ತು. ಪ್ರಶ್ನೆಯ ಹಾಳೆ ಪೂರ್ತಿ ತುಂಬು," ಎಂದ.

ತುಂಬಿದೆ. ಸಂಜೆ ನನ್ನ ಮನೆಯಲ್ಲಿ ಊಟದ ಮೇಜಿನ ಮುಂದೆ ಕೂತು, ಯಾರನ್ನೂ ಕೇಳದೆ ತುಂಬಿದೆ. "ನೆಲದ ಮೇಲೆ ಏನು ಇಡುತ್ತೀರಿ?" ಎಂಬ ಪ್ರಶ್ನೆಗೆ "ಕಾಲಿರುವ ಮಂಚ, ಕಾಲಿರುವ ಕಪಾಟು, ಮಿಕ್ಕಿದ್ದು ಖಾಲಿ ನೆಲ" ಎಂಬ ಚೌಕಕ್ಕೆ ನಾನೇ ಗುರುತು ಹಾಕಿದೆ. ಆ ಊರಿನ ನೂರಾರು ಮನೆಗಳಿಗೆ ಅದೇ ಗುರುತು ಹಾಕಿದ್ದೆ. ಇದು ಸ್ವೀಡಿಷರ ಮನೆಯಲ್ಲ, ಬಾಣಂತಿಯ ಮನೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ನನ್ನ ತಾಯಿ ನನ್ನ ತಂಗಿಯರನ್ನೆಲ್ಲ ಹೆತ್ತಾಗ ನೆಲದ ಮೇಲೆ ಹಾಸಿಗೆ ಹಾಸಿಯೇ ಬಾಣಂತನ ಕಳೆದಿದ್ದರು. ನಾನು ಅದೇ ಹಾಸಿಗೆಯ ಅಂಚಿನಲ್ಲಿ ಆಡಿ ಬೆಳೆದವನು.

ಡಿಸೆಂಬರ್‌ನಲ್ಲಿ ಕೆಲಸ ಮುಗಿಯಿತು. ಕೊನೆಯ ದಿನ ಸರೋಜಮ್ಮ ಬಂದಿಳಿದಿದ್ದರು. ಅರವತ್ತು ದಾಟಿದ, ಚುರುಕು ಕಣ್ಣಿನ ಹೆಂಗಸು. ಸೀರೆಯ ಮೇಲೆ ಅಳಿಯನ ದಪ್ಪ ಜಾಕೆಟ್ ಹಾಕಿಕೊಂಡು ಹೊಸ ಕೋಣೆಗೆ ಬಂದರು, ಬಗ್ಗಿ ಅಂಗೈ ನೆಲಕ್ಕಿಟ್ಟರು. ಮುಖ ಅರಳಿತು.

"ಅಯ್ಯೋ, ಎಷ್ಟು ಹಿತವಾಗಿದೆ! ನಾನು ಕೆಂಡ ಎಲ್ಲಿಂದ ತರೋದು ಅಂತ ಯೋಚನೆ ಮಾಡ್ತಿದ್ದೆ. ಇನ್ನು ಮಂಚ ಏನಕ್ಕೆ? ಇಲ್ಲೇ ಹಾಸ್ಕೊಂಡ್ರಾಯ್ತು, ಅಲ್ವೇನಪ್ಪ?"

"ಹೂಂ ಅಮ್ಮ, ಆರಾಮಾಗಿ," ಎಂದು ನಾನು ನಕ್ಕೆ. ಕೈಯಲ್ಲಿ ಸ್ಕ್ರೂಗಳ ಡಬ್ಬಿ ಇತ್ತು, ಹೊರಗೆ ಇನ್ನೊಂದು ಮನೆಯವರು ಕಾಯುತ್ತಿದ್ದರು. ಬಳಕೆಯ ಸೂಚನೆಗಳ ಪುಸ್ತಿಕೆಯನ್ನು ಪ್ರಶಾಂತ್ ಕೈಗಿತ್ತು ಸಹಿ ಹಾಕಿಸಿಕೊಂಡು ಹೊರಟೆ. ಅದು ಪೂರ್ತಿ ಸ್ವೀಡಿಷ್‌ನಲ್ಲಿತ್ತು.

ಜನವರಿಯಲ್ಲಿ ಹೆಣ್ಣುಮಗು ಹುಟ್ಟಿತು. ಅದಾದ ಎರಡು ವಾರಕ್ಕೆ ಚಳಿ ಮೈನಸ್ ಹದಿನೆಂಟಕ್ಕೆ ಇಳಿಯಿತು. ಒಂದು ಸೋಮವಾರ ನನ್ನ ಮೊಬೈಲ್‌ನಲ್ಲಿ ಪ್ರಶಾಂತ್‌ನ ಸಂದೇಶವಿತ್ತು. "ಸರ್, ಹೊಸ ರೂಮಲ್ಲಿ ಲೈಟಾಗಿ ಏನೋ ವಾಸನೆ. ಹೊಸ ಮರದ್ದಿರಬೇಕು. ಅರ್ಜೆಂಟ್ ಏನಿಲ್ಲ, ಈ ಕಡೆ ಬಂದಾಗ ನೋಡಿ." ಅರ್ಜೆಂಟ್ ಇಲ್ಲ ಎಂದಿದ್ದಾನಲ್ಲ, ನಾನೂ ಬಿಟ್ಟೆ. ಬುಧವಾರ ಲಿಂಕೋಪಿಂಗ್‌ನಲ್ಲಿ ನಮ್ಮ ಕಸುಬಿನವರಿಗೆ ಒಂದು ದಿನದ ತರಬೇತಿ ಇತ್ತು, ಬೆಳಗ್ಗೆಯೇ ಕಾರು ಹತ್ತಿ ಅಲ್ಲಿಗೆ ಹೋದೆ.

ಫಿಕಾ ಎಂಬ ಕಾಫಿ ವಿರಾಮ ಮುಗಿಸಿ, ದಾಲ್ಚಿನ್ನಿ ಬನ್ನು ತಿಂದು ಎಲ್ಲರೂ ತೂಕಡಿಸುವ ಹೊತ್ತು. ಪಾಠ ಮಾಡುತ್ತಿದ್ದಾಕೆ ಪರದೆಯ ಮೇಲೆ ಒಂದು ಫೋಟೋ ಹಾಕಿದಳು. ಮರದ ನೆಲ, ಅದರ ನಡುವೆ ಕಂದು ಬಣ್ಣದ ದೊಡ್ಡ ಚೌಕ, ಇಸ್ತ್ರಿಪೆಟ್ಟಿಗೆ ಮರೆತು ಬಿಟ್ಟ ಬಟ್ಟೆಯ ಹಾಗೆ.

"ಏನಿತ್ತು ಹೇಳಿ ಇದರ ಮೇಲೆ?" ಎಂದಳು.

ಯಾರೋ ನಾಯಿಯ ಹಾಸಿಗೆ ಎಂದರು. ಅವಳು ಅಲ್ಲವೆಂದು ತಲೆಯಾಡಿಸಿದಳು. "ಮಕ್ಕಳು ಆಟಕ್ಕೆಂದು ನೆಲಕ್ಕೆ ಹಾಕಿಟ್ಟ ಹಾಸಿಗೆ. ವಿದ್ಯುತ್ ಹಾಳೆಯ ಬಿಸಿ ಮೇಲೆ ಹೋಗಲು ದಾರಿಯಿಲ್ಲ. ಬಿಸಿ ಅಳೆಯುವ ಸೆನ್ಸರ್ ಇದ್ದದ್ದು ಕಿಟಕಿ ಪಕ್ಕ, ಖಾಲಿ ನೆಲದಲ್ಲಿ. ಅದು ಚಳಿ ಚಳಿ ಎನ್ನುತ್ತಲೇ ಇತ್ತು, ಹಾಳೆ ಕಾಯುತ್ತಲೇ ಇತ್ತು. ನೀರಿನ ಕೊಳವೆಯಾದರೆ ನೀರಿಗಿಂತ ಹೆಚ್ಚು ಬಿಸಿ ಏರುವುದಿಲ್ಲ. ಇದಕ್ಕೆ ಆ ಮಿತಿ ಇಲ್ಲ. ಮೊದಲ ಸೂಚನೆ ಸುಟ್ಟದ್ದಲ್ಲ, ವಾಸನೆ. ಬಿಸಿಯಾದ ಮರದಂಟಿನ ವಾಸನೆ."

ಸೆನ್ಸರ್ ಕಿಟಕಿ ಪಕ್ಕ ಇಟ್ಟವನು ನಾನೇ. "ಇಲ್ಲೇ ಹಾಸ್ಕೊಂಡ್ರಾಯ್ತು, ಅಲ್ವೇನಪ್ಪ" ಎಂಬ ಮಾತು, ತಿಂಗಳ ಹಿಂದೆ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋದದ್ದು, ಈಗ ಅಕ್ಷರ ಅಕ್ಷರ ಕೇಳಿಸಿತು. ಕುರ್ಚಿ ಬೀಳಿಸಿಕೊಂಡೇ ಹೊರಗೆ ಓಡಿದೆ.

ಪ್ರಶಾಂತ್ ಮನೆಗೆ ಫೋನ್ ಮಾಡಿದೆ, ರಿಂಗ್ ಆಗುತ್ತಲೇ ಇತ್ತು. ಆಮೇಲೆ ಗೊತ್ತಾಯಿತು, ಮಗು ಬೆಚ್ಚಿಬೀಳುತ್ತದೆಂದು ಸರೋಜಮ್ಮ ಫೋನಿನ ವೈರ್ ಕಿತ್ತಿಟ್ಟಿದ್ದರು. ಪ್ರಶಾಂತ್ ಮೊಬೈಲ್ ಆಫ್. ಶ್ರುತಿಯದೂ ಆಫ್. ಅವರಿಬ್ಬರೂ ಹೊಲಿಗೆ ತೋರಿಸಲು ಆಸ್ಪತ್ರೆಗೆ ಹೋಗಿದ್ದರು, ಚಳಿಗೆ ಮಗುವನ್ನು ಹೊರಗೆ ತರಬೇಡಿ ಎಂದು ಅಜ್ಜಿ ತಮ್ಮ ಬಳಿಯೇ ಇಟ್ಟುಕೊಂಡಿದ್ದರು. ಇದೊಂದೂ ನನಗೆ ಆಗ ಗೊತ್ತಿಲ್ಲ. ನಾನಿರುವುದು ಎರಡು ಗಂಟೆಯ ದಾರಿ ದೂರ. ಬೆಂಗ್ಟ್‌ಗೆ ಮಾಡಿದೆ.

"ಪ್ರಶಾಂತ್ ಮನೆಗೆ ಹೋಗು. ಈಗಲೇ. ಮಗುವನ್ನು ನೆಲದ ಮೇಲೆ ಮಲಗಿಸಿದ್ದಾರೆ ಅಂತ ಕಾಣುತ್ತದೆ, ಹಾಸಿಗೆ ಹಾಕಿ."

ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮರದ ಪಾದರಕ್ಷೆಗಳು ಮೆಟ್ಟಿಲ ಮೇಲೆ ಟಕಟಕ ಓಡುವುದು ಕೇಳಿಸಿತು. ನಾನು ಕಾರಿನೊಳಗೆ ಕೂತೆ, ಎಂಜಿನ್ ಶುರು ಮಾಡಿದೆ, ಹೊರಡಲು ಧೈರ್ಯವಾಗಲಿಲ್ಲ. ಓಡಿಸುವಾಗ ಫೋನ್ ತಪ್ಪಿದರೆ? ಒಂಬತ್ತು ನಿಮಿಷ ಕಾದೆ.

"ಬಾಗಿಲು ತೆಗೆಯುತ್ತಿಲ್ಲ," ಎಂದ ಬೆಂಗ್ಟ್. ಏದುಸಿರು ಬಿಡುತ್ತಿದ್ದ. "ಒಬ್ಬ ಅಜ್ಜಿ ಕಿಟಕಿಯಿಂದ ನೋಡಿದಳು, ಪರದೆ ಎಳೆದುಬಿಟ್ಟಳು. ಕಿಟಕಿ ಒಡೆಯಲೇ?"

ಗುರುತಿಲ್ಲದವರು ಯಾರೇ ಬಂದರೂ ಬಾಗಿಲು ತೆಗೆಯಬೇಡಿ ಎಂದು ಅಳಿಯ ಹೇಳಿಹೋಗಿರುತ್ತಾನೆ. ಆರಡಿಯ ಗಂಡಸು ಬಾಗಿಲು ಗುದ್ದಿದರೆ ಅವರು ಮಗುವನ್ನು ಇನ್ನಷ್ಟು ಒಳಗೆ ಬಚ್ಚಿಡುತ್ತಾರೆ.

"ಒಡೆಯಬೇಡ. ಬಾಗಿಲಲ್ಲಿ ಅಂಚೆ ಹಾಕುವ ಕಿಂಡಿ ಇದೆಯಲ್ಲ, ಫೋನನ್ನು ಅದರೊಳಗೆ ಹಾಕು. ಕಟ್ ಮಾಡಬೇಡ, ಹಾಗೇ ಹಾಕು."

ದಬ್ ಎಂದು ಸದ್ದಾಯಿತು. ಆಮೇಲೆ ನಿಶ್ಶಬ್ದ. ನಾನು ಕಾರಿನೊಳಗೆ ಕೂತು ಗಂಟಲು ಹರಿಯುವ ಹಾಗೆ ಕಿರುಚತೊಡಗಿದೆ. "ಸರೋಜಮ್ಮನವರೇ! ಅಮ್ಮಾ! ನಾನು ವಾಲ್ಟರ್! ನೆಲ ಮಾಡಿದವ! ಫೋನ್ ಎತ್ಕೊಳ್ಳಿ!" ಪಕ್ಕದಲ್ಲಿ ಕಾರು ನಿಲ್ಲಿಸುತ್ತಿದ್ದ ಒಬ್ಬಾತ ನನ್ನನ್ನು ನೋಡಿ ಮತ್ತೆ ತನ್ನ ಕಾರಿನೊಳಗೇ ಕೂತ. ಎಷ್ಟು ಸಲ ಕೂಗಿದೆನೋ. ಕೊನೆಗೆ ಬಳೆಗಳ ಸದ್ದು ಕೇಳಿಸಿತು.

"ಯಾರದು?"

"ಅಮ್ಮ, ವಾಲ್ಟರ್. ಮಗು ಎಲ್ಲಿ?"

"ಮಲಗಿದೆ ಕಣಪ್ಪ. ಯಾರೋ ರಾಕ್ಷಸನ ಹಾಗಿರೋನು ಬಾಗಿಲು..."

"ಎಲ್ಲಿ ಮಲಗಿದೆ? ನೆಲದ ಮೇಲಾ?"

"ಹೂಂ, ಹಾಸಿಗೆ ಮೇಲೆ. ಎಣ್ಣೆ ನೀರು ಹಾಕಿ ಈಗ ತಾನೇ ಮಲಗಿಸಿದೀನಿ. ಮೂರು ಕೌದಿ ಹಾಕಿದೀನಿ, ಬೆಚ್ಚಗಿದೆ. ಎಬ್ಬಿಸಿದ್ರೆ ಹಟ ಮಾಡತ್ತೆ, ನೀವು ಆಮೇಲೆ..."

ಮೈಸೂರಿನವರ ಜೊತೆ ಮಾತಾಡುವಾಗ ನಾನು ನಮ್ಮ ಕಡೆಯ ಮಾತನ್ನು ನುಂಗಿಕೊಂಡು ನಾಜೂಕಾಗಿ ಮಾತಾಡುತ್ತಿದ್ದೆ. ಆಗ ಎಲ್ಲ ಹೊರಗೆ ಬಂತು. "ಎಂತದೂ ಕೇಳ್ಬೇಡಿ ಮಾರಾಯ್ರೆ, ಮೊದ್ಲು ಮಗುವನ್ನ ಎತ್ತಿ! ನೆಲ ಸುಡ್ತಾ ಉಂಟು!"

ಅವರು ಫೋನ್ ಹಿಡಿದೇ ಓಡಿರಬೇಕು. ಬಳೆ, ಹೆಜ್ಜೆ, ಬಟ್ಟೆ ಸರಿಸುವ ಸದ್ದು. ಒಂದು ಮಗುವಿನ ಅಳುವಿಗಾಗಿ ನಾನು ಆ ದಿನ ಕಾದ ಹಾಗೆ ನನ್ನ ಮಕ್ಕಳು ಹುಟ್ಟಿದಾಗಲೂ ಕಾದಿರಲಿಲ್ಲ. ಅಳು ಕೇಳಿಸಲಿಲ್ಲ.

"ಮೈ ಕಾದುಹೋಗಿದೆ," ಎಂದರು ಸರೋಜಮ್ಮ. ದನಿ ಬದಲಾಗಿತ್ತು. "ಕಣ್ಣು ಬಿಡ್ತಿಲ್ಲ. ಅಪ್ಪಾ, ಕಣ್ಣು ಬಿಡ್ತಿಲ್ಲ ಇದು."

"ಬಾಗಿಲು ತೆಗೀರಿ. ಹೊರಗೆ ನಿಂತವನು ನನ್ನ ಯಜಮಾನ, ನಮ್ಮವನೇ. ಫೋನ್ ಅವನಿಗೆ ಕೊಡಿ."

ಬಾಗಿಲ ಚಿಲಕ. ಬೆಂಗ್ಟ್‌ನ ಉಸಿರು. "ತುರ್ತು ಸಂಖ್ಯೆ ಒಂದು-ಒಂದು-ಎರಡಕ್ಕೆ ಫೋನ್ ಮಾಡುತ್ತೇನೆ," ಎಂದವನೇ ಕಟ್ ಮಾಡಿದ. ಆಂಬ್ಯುಲೆನ್ಸ್ ಕರೆಯಲು ಅವನ ಹತ್ತಿರ ಇದ್ದದ್ದು ಅದೊಂದೇ ಫೋನ್. ಅದು ನನಗೆ ಗೊತ್ತಿತ್ತು. ಆದರೂ ಆ ಫೋನಿನ ಕುಂಯ್ ಎಂಬ ಸದ್ದು ಈಗಲೂ ಕೆಲವೊಮ್ಮೆ ನನ್ನನ್ನು ನಿದ್ದೆಯಿಂದ ಎಬ್ಬಿಸುತ್ತದೆ.

ಹೊರಟೆ. ವೆಟ್ಟೆರ್ನ್ ಸರೋವರದ ಉತ್ತರದ ತುದಿಯನ್ನು ಸುತ್ತಿ ಹೋಗುವ ದಾರಿ, ಎರಡೂ ಕಡೆ ಹಿಮದ ಗೋಡೆ. ಬೆಂಗ್ಟ್‌ಗೆ ಮಾಡಿದರೆ ಎಂಗೇಜ್. ಮತ್ತೆ ಮಾಡಿದರೆ ಯಾರೂ ಎತ್ತುತ್ತಿಲ್ಲ. ಜಪಮಾಲೆಯ ಪ್ರಾರ್ಥನೆ ಬಾಯಿಗೆ ಬಂತು, ಅರ್ಧಕ್ಕೆ ಮರೆತುಹೋಯಿತು, ಮತ್ತೆ ಮೊದಲಿನಿಂದ ಶುರು ಮಾಡಿದೆ. ನಡುನಡುವೆ ಮನಸ್ಸು ಲೆಕ್ಕ ಹಾಕುತ್ತಿತ್ತು: ಒಂದು ಹಾಸಿಗೆ, ಮೂರು ಕೌದಿ, ಥರ್ಮೋಸ್ಟಾಟ್ ಇಪ್ಪತ್ತಾರಕ್ಕೆ ಏರಿಸಿದ್ದರೆ ಕೆಳಗೆ ಎಷ್ಟು? ಆ ಲೆಕ್ಕ ನನಗೆ ಬರುತ್ತಿತ್ತು. ಅದೇ ಲೆಕ್ಕವನ್ನು ನವೆಂಬರ್‌ನಲ್ಲಿ ಹಾಕಬಹುದಿತ್ತು ಎಂದು ಹಲ್ಲು ಕಚ್ಚಿಕೊಂಡು ಓಡಿಸಿದೆ.

ದಾರಿಯಲ್ಲಿ ಮೋಟಾಲಾ ಎಂಬ ಪಟ್ಟಣ ದಾಟಿ ಸ್ವಲ್ಪ ದೂರಕ್ಕೆ ಫೋನ್ ಬಂತು. ರಸ್ತೆಯ ಬದಿಗೆ ಹಿಮದೊಳಗೇ ಕಾರು ನುಗ್ಗಿಸಿ ನಿಲ್ಲಿಸಿದೆ. ಬೆಂಗ್ಟ್ ಏನೂ ಹೇಳಲಿಲ್ಲ, ಫೋನನ್ನು ದೂರ ಹಿಡಿದ. ದೂರದಲ್ಲಿ ಒಂದು ಮಗು ಆಕಾಶ ಭೂಮಿ ಒಂದು ಮಾಡುವ ಹಾಗೆ ಅಳುತ್ತಿತ್ತು.

"ಆಂಬ್ಯುಲೆನ್ಸ್ ಬರುವ ಮೊದಲೇ ಬಟ್ಟೆ ಬಿಚ್ಚಿ ತಂಪು ಮಾಡಿದೆವು. ಈಗ ಕೂಗುತ್ತಿದ್ದಾಳೆ," ಎಂದ. ಸ್ಟೀರಿಂಗ್ ಮೇಲೆ ಹಣೆಯಿಟ್ಟು ನಾನೂ ಅತ್ತೆ.

ಆಸ್ಪತ್ರೆಯ ಕಾರಿಡಾರಿಗೆ ನಾನು ಮುಟ್ಟಿದಾಗ ಮಗುವಿಗೆ ಡ್ರಿಪ್ ಹಾಕಿದ್ದರು. ಅಪಾಯವಿಲ್ಲ, ಆದರೂ ನಾಳೆಯವರೆಗೆ ಇಲ್ಲೇ ಇರಲಿ ಎಂದು ಡಾಕ್ಟರ್ ಹೇಳಿದ್ದರು. ಶ್ರುತಿ ಒಳಗೆ ಮಗುವಿನ ಬಳಿ ಇದ್ದಳು. ಹೊರಗಿನ ಬೆಂಚಿನ ಮೇಲೆ ಸರೋಜಮ್ಮ, ಅಳಿಯನ ಅದೇ ಜಾಕೆಟ್‌ನಲ್ಲಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತ ಕೂತಿದ್ದರು. ಬೆಂಗ್ಟ್ ಗೋಡೆಗೆ ಒರಗಿ ನಿಂತಿದ್ದ. ಹಿಮದಲ್ಲಿ ಓಡುವಾಗ ಒಂದು ಪಾದರಕ್ಷೆ ಎಲ್ಲೋ ಕಳಚಿ ಬಿದ್ದಿತ್ತು, ಆ ಕಾಲಿನ ಚೀಲ ಒದ್ದೆಯಾಗಿತ್ತು. ಕೋಣೆಯ ಸ್ವಿಚ್ ಆಫ್ ಮಾಡಿ ಹಾಸಿಗೆ ಎತ್ತಿದಾಗ ಅಡಿಯ ಬಟ್ಟೆ ಚಹಾದ ಬಣ್ಣಕ್ಕೆ ತಿರುಗಿತ್ತು ಎಂದು ಅವನು ನನಗೆ ಮೆಲ್ಲಗೆ ಹೇಳಿದ.

ಪ್ರಶಾಂತ್ ಅತ್ತಿಂದಿತ್ತ ಓಡಾಡುತ್ತಿದ್ದ. ನನ್ನನ್ನು ಕಂಡ ಕೂಡಲೇ ಕೈ ಹಿಡಿದುಕೊಂಡ. "ಸರ್, ನೀವು ಫೋನ್ ಮಾಡದೆ ಇದ್ದಿದ್ರೆ ಏನಾಗ್ತಿತ್ತೋ! ಎಷ್ಟು ಸಲ ಹೇಳಿದೀನಿ ಅತ್ತೆಗೆ, ತೊಟ್ಟಿಲಲ್ಲಿ ಮಲಗಿಸಿ ಅಂತ. ಇಲ್ಲಿ ಇದೆಲ್ಲ ನಡಿಯಲ್ಲ ಅಂತ. ಕೇಳಿದ್ರೆ ತಾನೇ?"

ಸರೋಜಮ್ಮ ತಲೆ ಎತ್ತಲಿಲ್ಲ. "ನಂದೇ ತಪ್ಪು," ಎಂದರು. "ಈ ಮುದುಕೀನ ಊರಿಗೆ ಕಳಿಸಬೇಕು ಅಂದ್ರೆ ಕಳಿಸಿಬಿಡಪ್ಪ. ಇನ್ನು ನಾನು ಆ ಮಗೂನ ಮುಟ್ಟಲ್ಲ."

ಆ ಕ್ಷಣ ನಾನು ಸುಮ್ಮನಿದ್ದೆ. ಇದನ್ನು ಬಿಟ್ಟು ಬೇರೆ ಏನು ಬರೆದರೂ ಪ್ರಯೋಜನವಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ನನ್ನ ಕೈ ಪ್ರಶಾಂತ್‌ನ ಕೈಯಲ್ಲಿತ್ತು. ಮಗುವನ್ನು ಉಳಿಸಿದವನು ಎಂಬ ಹೆಸರು ಅದಾಗಲೇ ನನಗೆ ಬಂದಿತ್ತು. ಸುಮ್ಮನಿದ್ದರೆ ಸಾಕಿತ್ತು, ಅಜ್ಜಿಯ ಮೇಲೆ ಆ ತಪ್ಪು ಶಾಶ್ವತವಾಗಿ ಕೂರುತ್ತಿತ್ತು, ನಾನು ಬೆನ್ನು ತಟ್ಟಿಸಿಕೊಂಡು ಮನೆಗೆ ಹೋಗುತ್ತಿದ್ದೆ. ಹೋಗಿಬಿಡೋಣ ಎಂದು ಅನಿಸಿತ್ತು ಕೂಡ. ಕನ್ನಡದ ಒಂದಕ್ಷರ ತಿಳಿಯದ ಬೆಂಗ್ಟ್‌ಗೆ ಅಲ್ಲಿ ಏನು ನಡೆಯುತ್ತಿದೆ ಎಂದು ಹೇಗೆ ಅರ್ಥವಾಯಿತೋ. ಅವನು ಸರೋಜಮ್ಮನನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ, ನೋಡುತ್ತಲೇ ಇದ್ದ. ನನ್ನ ಕಣ್ಣು ಅವನ ಒದ್ದೆ ಕಾಲುಚೀಲದ ಮೇಲೆ ಬಿತ್ತು.

ಯಾವಾಗಲೂ ಜೊತೆಗಿರುತ್ತಿದ್ದ ಕೆಲಸದ ಬ್ಯಾಗಿನಿಂದ ಆ ಮನೆಯ ಫೈಲ್ ತೆಗೆದೆ. ಪ್ರಶ್ನೆಯ ಹಾಳೆ ಅದರಲ್ಲೇ ಇತ್ತು. "ಪ್ರಶಾಂತ್, ಇದನ್ನ ನೋಡಿ. ನೆಲದ ಮೇಲೆ ಏನು ಇಡ್ತೀರಿ ಅಂತ ನಿಮ್ಮನ್ನ ನಾನು ಕೇಳಬೇಕಿತ್ತು. ಕೇಳ್ಲಿಲ್ಲ. ನಾನೇ ಮನೆಯಲ್ಲಿ ಕೂತು ಗುರುತು ಹಾಕಿದೆ. ನೆಲಕ್ಕೆ ಹಾಸಿಗೆ ಹಾಕ್ತಾರೆ ಅಂತ ಗೊತ್ತಿದ್ದಿದ್ರೆ ಆ ಕರೆಂಟಿನ ಹಾಳೆ ಹಾಕುವ ಹಾಗೇ ಇರ್ಲಿಲ್ಲ. ಕೊನೆಯ ದಿನ ಅಮ್ಮ ನನ್ನ ಹತ್ರ ಬಾಯಿ ಬಿಟ್ಟು ಕೇಳಿದ್ರು, ಇಲ್ಲೇ ಹಾಸ್ಕೊಳ್ಳಬಹುದಾ ಅಂತ. ನಾನು ಹೂಂ ಅಂದೆ. ತಪ್ಪು ಅವ್ರದ್ದಲ್ಲ, ನನ್ನದು."

ಪ್ರಶಾಂತ್ ನನ್ನ ಕೈ ಬಿಟ್ಟ. ಹಾಳೆಯನ್ನು ತೆಗೆದುಕೊಂಡು ಎರಡು ಸಲ ಓದಿದ. ಅದನ್ನು ನನ್ನ ಕೈಗೇ ಕೊಟ್ಟು ಒಳಗೆ ಹೋದ. ಹೊಡೆದಿದ್ದರೆ ಸಲೀಸಾಗುತ್ತಿತ್ತು.

ಸರೋಜಮ್ಮ ತಲೆ ಎತ್ತಿ ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ ಅವರ ದನಿಯಲ್ಲಿ, ಅದೇ ನನಗೆ ಹೆಚ್ಚು ನೋವು ಮಾಡಿತು. "ಕೇಳಿದ್ರೆ ಹೇಳ್ತಿದ್ದೆನಲ್ಲಪ್ಪ," ಎಂದರು.

ಮರುದಿನ ಮಗು ಮನೆಗೆ ಬಂತು. ಕಂಪನಿಯೇ ಆ ವಿದ್ಯುತ್ ಹಾಳೆಯನ್ನು ಕಿತ್ತು ಹಾಕಿ ನೀರಿನ ಕೊಳವೆ ಹಾಕಿಕೊಡುವುದೆಂದು ಬೆಂಗ್ಟ್ ನಿರ್ಧರಿಸಿದ. ಪಡಸಾಲೆಯ ನೆಲ ಕಿತ್ತೆವು. ಅಲ್ಯುಮಿನಿಯಂ ತಗಡು ಹಾಸಿ ಅದರ ತಗ್ಗು ಸಾಲುಗಳಲ್ಲಿ ಕೊಳವೆ ಕೂರಿಸಿದೆವು. ಆ ಮೂರು ವಾರ ಪ್ರಶಾಂತ್ ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಆಫೀಸಿನ ಪ್ರಶ್ನೆಗಳ ಹಾಳೆಯ ಕೆಳಗೆ ಬೆಂಗ್ಟ್ ಪೆನ್ನಿನಲ್ಲಿ ಇನ್ನೊಂದು ಸಾಲು ಸೇರಿಸಿದ: "ಈ ನೆಲದ ಮೇಲೆ ಯಾರು ಕೂರುತ್ತಾರೆ, ಯಾರು ಮಲಗುತ್ತಾರೆ?" ಅದರ ಮುಂದೆ ಚೌಕ ಇರಲಿಲ್ಲ, ಬರೆಯಲು ಖಾಲಿ ಜಾಗ ಬಿಟ್ಟಿದ್ದ. ಈಗ ನೀವು ಬಳಸುವ ಕಂಪ್ಯೂಟರಿನಲ್ಲಿ ಆ ಸಾಲು ಇಲ್ಲ. ಅದನ್ನು ನೀವೇ ಬಾಯಲ್ಲಿ ಕೇಳಬೇಕು, ಮನೆಯ ಯಜಮಾನನನ್ನಲ್ಲ, ಆ ಕೋಣೆಯಲ್ಲಿ ದಿನವಿಡೀ ಇರುವವರನ್ನು.

ಕೆಲಸ ಮುಗಿದ ದಿನ ಮಧ್ಯಾಹ್ನ ನೀರು ಬಿಟ್ಟೆ. ಸರೋಜಮ್ಮ ಹೊಸ್ತಿಲಾಚೆಯೇ ನಿಂತಿದ್ದರು. ಆ ದಿನದಿಂದ ಅವರು ಆ ಕೋಣೆಗೆ ಕಾಲಿಟ್ಟಿರಲಿಲ್ಲ, ಶ್ರುತಿ ಹತ್ತಿರವಿಲ್ಲದೆ ಮಗುವನ್ನು ಎತ್ತಿಕೊಂಡಿರಲೂ ಇಲ್ಲ.

"ಈಗ ಮಲಗಿಸಬಹುದೇನಪ್ಪ?" ಎಂದರು.

ಲೆಕ್ಕದ ಪ್ರಕಾರ ಮಲಗಿಸಬಹುದಿತ್ತು. ಲೆಕ್ಕ ಮೂರು ಸಲ ನೋಡಿದ್ದೆ. ಆದರೂ ಈ ಸಲ ಹೂಂ ಎನ್ನಲಿಲ್ಲ. "ಹಾಸಿಗೆ ಕೊಡಿ ಅಮ್ಮ," ಎಂದೆ. "ಮೊದ್ಲು ನಾನು ಮಲಗ್ತೇನೆ."

ಹೊಸ ಹಾಸಿಗೆ, ಅದೇ ಮೂರು ಕೌದಿ. ಹಾಸಿಗೆಯ ಕೆಳಗೆ ಮೂರು ಕಡೆ ಉದ್ದ ತಂತಿಯ ಥರ್ಮಾಮೀಟರ್ ಇಟ್ಟೆ. ಎರಡು ಗಂಟೆ ಮಲಗಿ, ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಓದಿ ಬರೆದುಕೊಳ್ಳುವುದೆಂದು ಪುಸ್ತಕ ಪೆನ್ನು ಪಕ್ಕದಲ್ಲಿಟ್ಟುಕೊಂಡು ಮಲಗಿದೆ. ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೇಳು. ಅಲ್ಲಿಗೆ ನಿಂತಿತು. ಮತ್ತೆ ನೋಡಿದೆ, ಇಪ್ಪತ್ತೇಳೇ. ಆ ಚಳಿಗಾಲವಿಡೀ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಬೆನ್ನಿಗೆ ಹಿತವಾಗಿ ಬೆಚ್ಚಗಾಗುತ್ತಿದ್ದಂತೆ, ಐದನೆಯ ಸಾಲು ಬರೆಯುವ ಮೊದಲೇ ಕಣ್ಣು ಮುಚ್ಚಿತು.

ಎಚ್ಚರವಾದಾಗ ಕಿಟಕಿಯ ಬೆಳಕು ಗೋಡೆಗೆ ಸರಿದಿತ್ತು. ಯಾರೋ ನನಗೆ ಹೊದಿಕೆ ಹೊದಿಸಿದ್ದರು. ನನ್ನ ಪಕ್ಕದಲ್ಲಿ, ಒಂದು ಮೊಳ ದೂರದಲ್ಲಿ, ಒಂದೇ ಒಂದು ತೆಳ್ಳನೆಯ ಬಟ್ಟೆಯ ಮೇಲೆ, ಮುಷ್ಟಿ ಬಿಗಿಹಿಡಿದುಕೊಂಡು ಮಗು ಮಲಗಿತ್ತು. ಹಾಸಿಗೆಯ ಆಚೆ ಅಂಚಿನಲ್ಲಿ ಸರೋಜಮ್ಮ ಕೂತು, ಕನ್ನಡಕ ಹಾಕಿಕೊಂಡು, ನನ್ನ ಪುಸ್ತಕದಲ್ಲಿ ಕನ್ನಡ ಅಂಕಿಗಳಲ್ಲಿ ಏನೋ ಬರೆಯುತ್ತಿದ್ದರು.

"ಮಾತಾಡಬೇಡಿ, ಎದ್ದುಬಿಡತ್ತೆ," ಎಂದು ಪಿಸುಗುಟ್ಟಿದರು. "ಇಪ್ಪತ್ತೇಳೇ ಇದೆ. ನಾನು ನೋಡ್ತಿದೀನಿ, ನೀವು ಮಲಗಿ."